ಏಳು ಸೆಕೆಂಡು

ನಮ್ಮದು ಎರಡೊಡಲಿನ ದೋಣಿ. ನಡುವೆ ಒಂದು ಬಲೆ.
ಬಲೆಯ ಮೇಲೆ ಚುಕ್ಕಾಣಿ ಹಿಡಿದ ನೆರಿಡಾ,
ಅರವತ್ತೊಂದರಲ್ಲೂ ಗಾಳಿಯನ್ನು ಹೆಸರಿಟ್ಟು ಬೈಯುವವಳು.
ತಂತಿಗೆ ಸೊಂಟ ಕೊಟ್ಟು ನೀರಿನ ಮೇಲೆ ಚಾಚಿಕೊಂಡವನು ನಾನು,
ತೊಂಬತ್ತೆರಡು ಕೆಜಿ,
ವಾರವೆಲ್ಲ ಬೇರ್ನ್ಸ್‌ಡೇಲಿನಲ್ಲಿ ಮಾಂಸ ಕಡಿದು ತೂಗುವವನು,
ಶನಿವಾರ ಅವಳ ತಕ್ಕಡಿಯ ಕಲ್ಲು.

ಲೇಕ್ ಕಿಂಗ್ ಇವತ್ತು ತಗಡಿನ ಬಣ್ಣ.
ಕರಿಹಂಸಗಳು ಜೊಂಡಿಗೆ ಸರಿದು ಕೂತಿವೆ.
ನೈಋತ್ಯದ ಸುದ್ದಿ ಅವಕ್ಕೆ ಮೊದಲೇ ಮುಟ್ಟಿದೆ.
ಶುರುವಿನ ಗೆರೆಯಲ್ಲಿ ಮೂವತ್ತೊಂದು ದೋಣಿ,
ಮದುವೆಮನೆ ಬಾಗಿಲ ಚಪ್ಪಲಿಗಳ ಹಾಗೆ
ಒಂದಕ್ಕೊಂದು ಜೊತೆಯಿಲ್ಲ:
ಹೊಟ್ಟೆ ಬಂದ ಕೀಲ್‌ಬೋಟು, ಒಬ್ಬನೇ ಕೂರುವ ಲೇಸರು,
ಯಾರದೋ ಅಜ್ಜ ಕಟ್ಟಿದ, ಹೆಸರೇ ಇಲ್ಲದ ಒಂದು.
ಎಲ್ಲರಿಗೂ ಒಂದೇ ತುತ್ತೂರಿ.
ಎಲ್ಲರಿಗೂ ಬೇರೆ ಬೇರೆ ಅಂಕಿ.
ನಮಗೆ ಎಪ್ಪತ್ತಾರು,
ಕೆಂಪು ಹಾಯಿಯ ಪುಟ್ಟ ಮಿರರ್‌ಗೆ ನೂರ ಮೂವತ್ತೆಂಟು.
ಓಡಿದ ಹೊತ್ತನ್ನು ಆಮೇಲೆ ಅದರಿಂದ ಭಾಗಿಸುತ್ತಾರೆ.
ನ್ಯಾಯವೇ. ಆದರೆ ಆ ನ್ಯಾಯ
ನೀರಿನ ಮೇಲೆ ಕಾಣುವುದಿಲ್ಲ.

ಕಾಣುವುದು ಇಷ್ಟು: ಗಾಳಿ ಬಿತ್ತು,
ಒಂದು ಒಡಲು ನೀರು ಬಿಟ್ಟು ಎದ್ದಿತು,
ಕೆನ್ನೆಗೆ ಬಡಿಯುತ್ತಿದ್ದ ಸದ್ದೆಲ್ಲ ತಟ್ಟನೆ ನಿಂತು
ಚುಕ್ಕಾಣಿಯೊಂದೇ ಗುಂಯ್ ಎಂದಿತು.
ಆ ಗುಂಯ್‌ಗಾಗಿ ನಾನು ಮಂಡಿಚಿಪ್ಪು ಸವೆಸಿಕೊಂಡೆ.
ಮಾತು ಬೇಡ. ಹಗ್ಗ ಒಂದು ಗೇಣು ಒಳಗೆ,
ಅರ್ಧ ಗೇಣು ಹೊರಗೆ. ಅಷ್ಟೇ ಸಂಭಾಷಣೆ.

ಮೂರನೆಯ ಬೋಯಾದಲ್ಲಿ ಡ್ರಮಂಡನ ಕೀಲ್‌ಬೋಟು,
ದಾರಿಗಡ್ಡ ನಿಂತ ಎಮ್ಮೆ.
ಒಂದು ಕೈಲಿ ಸ್ಯಾಂಡ್‌ವಿಚ್, ಕಂಕುಳಲ್ಲಿ ಚುಕ್ಕಾಣಿ,
‘ಜಾಗ!’ ಎಂದ. ಹಕ್ಕು ಅವನದೇ.
ತಿರುಗಿಸಿದೆವು. ತಿರುಗಲಿಲ್ಲ.
ಎರಡೊಡಲಿನದಕ್ಕೆ ತಿರುಗುವುದೆಂದರೆ ಎರಡು ಮನಸ್ಸು;
ಮೂತಿ ಗಾಳಿಗಿಟ್ಟು, ಹಾಯಿ ಪಟಪಟ ಬಡಿದುಕೊಂಡು,
ಹಿಂದೆ ಹಿಂದೆ ಜಾರುತ್ತ ನಿಂತೆವು.
ನೆರಿಡಾ ಆಗ ಬೈಯಲಿಲ್ಲ. ಅದೇ ಹೆದರಿಕೆಯಾದದ್ದು.

ಆದರೂ ಮೊದಲು ಬಂದೆವು.
ನಮಗೊಂದು ತುತ್ತೂರಿ. ಆಮೇಲೆ ಯಾರೂ ಇಲ್ಲ.
ಮೊದಲು ಬಂದವರ ಸರೋವರ ಬಹಳ ದೊಡ್ಡದು.
ಸುಮ್ಮನೆ ನಿಲ್ಲಲು ಕಲಿಯದ ದೋಣಿ ಅತ್ತಿತ್ತ ಸರಿದಾಡಿತು.
ಕೆಳಗೆ ಅಂಬಲಿ ಚೆಲ್ಲಿದ ಹಾಗೆ ಲೋಳೆಮೀನು.
ಒದ್ದೆ ಅಂಗಿಯೊಳಗಿಂದ ಅವಳು ಒಣ ಜರ್ದಾಳು ತೆಗೆದಳು,
ನನಗೆ ಎರಡು, ತನಗೆ ಮೂರು.
‘ಈ ದೋಣಿಯ ಹೆಸರಿನ ಅರ್ಥ ಗೊತ್ತಾ?
ಯಾವುದೋ ದೂರದ ಕಡಲ ಜನರ ಮಾತಂತೆ.
ಕಟ್ಟು. ಮರ. ಕಟ್ಟಿದ ಮರ.’
ಕೈಯಾಡಿಸಿದೆ: ಗಾಜಿನ ನಾರು, ಅಲ್ಯುಮಿನಿಯಂ, ಉಕ್ಕಿನ ತಂತಿ.
ಮರವೆಂದರೆ ದಡದಲ್ಲಿದ್ದದ್ದೇ,
ಅದರಲ್ಲಿ ಕೋಲಾ ನಿದ್ದೆಯಲ್ಲಿತ್ತು.

ಮೂವತ್ತೊಂಬತ್ತು ನಿಮಿಷಕ್ಕೆ ಕೆಂಪು ಹಾಯಿ ಬಂತು.
ಬ್ರಾನ್‌ವೆನ್, ಮೊನ್ನೆಯವರೆಗೆ ಊರಿನ ದಂತವೈದ್ಯೆ,
ಐಸ್‌ಕ್ರೀಮ್ ಡಬ್ಬಿಯಲ್ಲಿ ನೀರು ಮೊಗೆದು ಚೆಲ್ಲುತ್ತ;
ಮೊಮ್ಮಗ ಟೇವಿಸ್ ತುಟಿ ಕಚ್ಚಿಕೊಂಡು,
ತೂಕಡಿಸದೆ, ಒಂದೇ ಒಂದು ತಿರುವು ಪೋಲು ಮಾಡದೆ.
ಗ್ಯಾರೇಜಿನಲ್ಲಿ ಹೊಲಿದ ದೋಣಿ ಅದು:
ಹಲಗೆಗೆ ಹಲಗೆ ತಾಗಿಸಿ, ತೂತು ಕೊರೆದು,
ತಾಮ್ರದ ತಂತಿಯಲ್ಲಿ ಬಿಗಿದದ್ದು.
ನೆರಿಡಾ ನನ್ನ ಕಡೆ ನೋಡಿದಳು. ನಾನು ಜರ್ದಾಳು ಅಗಿದೆ.

ಸಂಜೆ ಕ್ಲಬ್ಬಿನ ಫ್ರಿಜ್ಜಿನ ಬಾಗಿಲಲ್ಲಿ ಫಲಿತಾಂಶ,
ಮೀನಿನ ಆಕಾರದ ಅಯಸ್ಕಾಂತದ ಕೆಳಗೆ.
ಭಾಗಿಸಿದ ಮೇಲೆ ಅವರು ಮೊದಲು, ನಾವು ಎರಡು.
ನಡುವೆ ಏಳು ಸೆಕೆಂಡು.
ಕನ್ನಡಕವಿಲ್ಲದೆ ಓದಿ, ಹಾಕಿಕೊಂಡು ಮತ್ತೆ ಓದಿ,
ಅವಳು ಹೋಗಿ ಟೇವಿಸ್‌ನ ಕೈ ಕುಲುಕಿದಳು,
ದೊಡ್ಡವರ ಕೈ ಕುಲುಕುವ ಹಾಗೆ, ಗಟ್ಟಿಯಾಗಿ.
ಅವನು ಕೆಚಪ್ ಅಂಟಿದ ಬೆರಳು ಒರೆಸಿಕೊಳ್ಳಲೂ ಮರೆತ.

ರಾತ್ರಿ ಡೇರೆಯಲ್ಲಿ ಆ ಏಳನ್ನು ಹುಡುಕಿದೆ:
ಡ್ರಮಂಡನ ಸ್ಯಾಂಡ್‌ವಿಚ್ಚಿನಲ್ಲಿ, ನನ್ನ ಮಂಡಿಯಲ್ಲಿ,
ಮೊದಲ ಬೋಯಾದ ಹತ್ತಿರ ಹಂಸ ನೋಡಿದ ಕಣ್ಣಲ್ಲಿ.
ನಿದ್ದೆ ಯಾವಾಗ ಹತ್ತಿತೋ.

ಭಾನುವಾರ, ಬೆಳಕಿಗೆ ಮುಂಚೆ,
ಡೇರೆಯ ಬಟ್ಟೆಗೆ ಒದ್ದ ಕಾಲು, ಅವಳ ದನಿ:
ಏಳು.
ಗಾಳಿ ತಿರುಗಿದೆ.