ಇಪ್ಪತ್ತೊಂದು ಹನಿ

ಅರ್ಧ ಲೀಟರು, ಎಂಟು ಗಂಟೆ ಎಂದು ಬರೆದಿಟ್ಟು
ಡಾಕ್ಟರು ಕೆಳಗಿಳಿದು ಹೋದರು.
ಪಂಪು ಕೆಟ್ಟು ಮೂಲೆ ಸೇರಿದೆ. ಇನ್ನು ನಾನುಂಟು,
ಹನಿಯುಂಟು, ಎಡಗೈಯ ಗಡಿಯಾರವುಂಟು.

ಒಂದು ಎಂ.ಎಲ್.ಗೆ ಇಪ್ಪತ್ತು ಹನಿ.
ಐನೂರಕ್ಕೆ ಹತ್ತು ಸಾವಿರ.
ನಾನೂರ ಎಂಬತ್ತು ನಿಮಿಷಕ್ಕೆ ಹಂಚಬೇಕು.
ಬಾಟಲಿಗೆ ಅಂಟಿಸಿದ ಪ್ಲಾಸ್ಟರಿನ ಮೇಲೇ ಭಾಗಿಸಿದೆ:
ಇಪ್ಪತ್ತು, ಮೇಲೆ ಮುಕ್ಕಾಲಿಗೂ ಚೂರು ಹೆಚ್ಚು.
ಮುಕ್ಕಾಲು ಹನಿ ಬೀಳುವುದಿಲ್ಲ, ಬಿದ್ದರೆ ಇಡೀ ಹನಿಯೇ.
ಇಪ್ಪತ್ತೊಂದು ಅಂದುಕೊಂಡು ಗಾಲಿ ತಿರುಗಿಸಿದೆ
ಹೆಬ್ಬೆರಳಲ್ಲಿ, ಸಾಸಿವೆಯಷ್ಟು.

ಹೀಗೆ ಬಿಟ್ಟರೆ ನಾಲ್ಕು ನಿಮಿಷ ಮೊದಲೇ ಮುಗಿಯುತ್ತದೆ.
ಮುಗಿಯಲಿ.

ಗಂಗಾಂಬಿಕೆ ಮೇಡಂ, ಹೊಂಬೇಗೌಡ ನಗರದ ಆ ಶೀಟಿನ ಸ್ಕೂಲಲ್ಲಿ
ಕಳೆಯುವ ಲೆಕ್ಕ ಹೇಳಿಕೊಡುತ್ತ ನೀವು
"ಸಾಲದಿದ್ದರೆ ಪಕ್ಕದ ಮನೆಯಿಂದ ಹತ್ತು ಕಡ ತಾ" ಅನ್ನುತ್ತಿದ್ದಿರಿ.
ವಾಪಸು ಕೊಡುವುದು ಯಾವಾಗ ಅಂತ ಕೇಳಿದ್ದಕ್ಕೆ
ಬೆಂಚಿನ ಮೇಲೆ ನಿಲ್ಲಿಸಿದಿರಿ.
ಇಲ್ಲಿ ದಿನವೂ ಅದೇ ಮೇಡಂ. ಮಕ್ಕಳ ವಾರ್ಡಿಂದ ಎರಡು ಸೆಟ್ಟು,
ಹೆರಿಗೆ ವಾರ್ಡಿಂದ ಹತ್ತಿ.
ವಾಪಸು ಕೊಟ್ಟದ್ದು ಮಾತ್ರ ನೆನಪಿಲ್ಲ.

ಹಾಸಿಗೆ ಹನ್ನೊಂದು. ಹುಸೇನಪ್ಪ, ಲಿಂಗಸುಗೂರು ಕಡೆಯವನು,
ಬನ್ನೇರುಘಟ್ಟ ರಸ್ತೆಯಲ್ಲಿ ಟೈಲ್ಸ್ ಕೆಲಸ. ಡೆಂಗಿ.
ಜ್ವರದಲ್ಲಿ ಒಂದೇ ಸಮ ಬಡಬಡಿಸುತ್ತಾನೆ:
ಮೂರು, ನಾಕು, ಐದು. ಮೂರು, ನಾಕು, ಐದು.
ಎರಡು ಎಲ್ಲಿ ಹೋಯಿತು, ಆರು ಯಾಕೆ ಬರಲಿಲ್ಲ?
ತಲೆಗೇರಿತೇ ಎಂದು ಟಾರ್ಚು ಹಿಡಿದು ಕಣ್ಣು ನೋಡಿದೆ.

"ಮೂಲಿಮಟ್ಟ ನೋಡಾಕತ್ತಾನ್ರೀ" ಅಂದಳು ಯಂಕಮ್ಮ,
ಕೆಳಗೆ ಚಾಪೆಯಿಂದ, ಏಳದೆ.
"ದಾರ ಈ ಕಡಿ ಮೂರಡಿ, ಆ ಕಡಿ ನಾಕಡಿ,
ಅಡ್ಡ ಹಿಡಿದಾಗ ಐದು ಬಂತಂದ್ರ ಮೂಲಿ ಸರಿ.
ಬರಲಿಲ್ಲಂದ್ರ ಇಡೀ ಮನಿ ಸೊಟ್ಟ."

ಇದನ್ನೇ ಎಸ್ಸೆಸ್ಸೆಲ್ಸಿಯಲ್ಲಿ ಪ್ರಮೇಯವೆಂದು ಉರು ಹೊಡೆದು
ನಾಲ್ಕು ಅಂಕಕ್ಕೆ ಎರಡು ಪಡೆದಿದ್ದೆ.

ಯಂಕಮ್ಮನದು ಊದುಬತ್ತಿ. ಕಡ್ಡಿ ಎಣಿಸುವವಳಲ್ಲ,
ಹಿಡಿಗೆ ಬಂದರೆ ನೂರು, ಎಣಿಸಿ ನೋಡಿದರೂ ನೂರು,
ಒಮ್ಮೊಮ್ಮೆ ನೂರಾ ಒಂದು, ಅದು ದೇವರಿಗೆ.
ಈ ರಾತ್ರಿ ಎಣಿಸುತ್ತಿದ್ದಾಳೆ, ಬೆರಳ ಗೆಣ್ಣುಗಳ ಮೇಲೆ,
ಅವನ ಕೂಲಿ ತಪ್ಪಿದ ದಿನ, ತನ್ನದು ತಪ್ಪಿದ ದಿನ.
ಹೆಬ್ಬೆಟ್ಟು ಹನ್ನೆರಡಕ್ಕೆ ಹೋಗಿ ಮತ್ತೆ ಒಂದಕ್ಕೆ ಬರುತ್ತದೆ.

ಪ್ಲೇಟ್‌ಲೆಟ್ ಚೀಟಿ ಬಂತು.
ನಿನ್ನೆ ಮೂವತ್ತೆಂಟು ಸಾವಿರ, ಇವತ್ತು ನಲವತ್ತೊಂದು.
ಏರಿದೆ ಅನ್ನಲೇ? ಮೂರು ಸಾವಿರ ಯಂತ್ರದ ತಪ್ಪೂ ಇದ್ದೀತು.
"ಇಳಿದಿಲ್ಲಮ್ಮ" ಅಂದೆ.
ಹೆಬ್ಬೆಟ್ಟು ನಿಂತಿತು.

ಗಂಟೆಗೊಮ್ಮೆ ಹನಿ ನೋಡುತ್ತೇನೆ.
ಕಾಲು ನಿಮಿಷಕ್ಕೆ ಐದೂಕಾಲು.
ಆ ಕಾಲು ಹನಿಯ ಸಲುವಾಗಿ ಪೂರ್ತಿ ನಿಮಿಷ ನಿಲ್ಲುತ್ತೇನೆ.
ಮೂರರ ಹೊತ್ತಿಗೆ ಅವನು ಮಗ್ಗುಲಾಗಿ, ಮೊಳಕೈ ಮಡಚಿ,
ಹನಿ ನಿಂತೇಹೋಗಿ, ನನ್ನ ನಾಲ್ಕು ನಿಮಿಷವೂ ಹೋಯಿತು,
ಮೇಲೆ ಇನ್ನೊಂದಿಷ್ಟು.

ಆರೂವರೆಗೆ ಕಣ್ಣು ಬಿಟ್ಟ. ಹೆಂಡತಿಯನ್ನಲ್ಲ,
ನನ್ನನ್ನಲ್ಲ, ನೆಲ ನೋಡಿದ.
"ಸಿಸ್ಟರ್, ಈ ಮೂಲಿ ಮಟ್ಟಕ್ಕಿಲ್ರೀ."

ನೋಡಿದೆ. ಗೋಡೆಗುಂಟ ಕೊನೆಯ ಸಾಲಿನ ಟೈಲು
ಬಾಗಿಲ ಬಳಿ ಅಂಗೈ ಅಗಲ,
ಕಿಟಕಿ ಮುಟ್ಟುವಷ್ಟರಲ್ಲಿ ಕಿರುಬೆರಳು.
ನಾಲ್ಕು ವರ್ಷದಿಂದ ಆ ಗೆರೆ ಹಿಡಿದೇ ಟ್ರಾಲಿ ತಳ್ಳುತ್ತೇನೆ,
ಪ್ರತಿ ಸಲ ಕಿಟಕಿ ಹತ್ತಿರ ಗೋಡೆಗೆ ತಾಗುತ್ತದೆ.
ಚಕ್ರದ್ದೇ ತಪ್ಪು ಅಂದುಕೊಂಡಿದ್ದೆ.