ಸೊನ್ನೆಯ ಮೇಲೆ ಬೆರಳಗಲ

ತಾರ್ತು ಊರಿನ ಫೆಬ್ರವರಿ. ಹೊರಗೆ ಮೈನಸ್ ಇಪ್ಪತ್ತೆರಡು.
ಗಾಜಿನ ಜಾಡಿಯೊಳಗೆ ಮಾತ್ರ ಮೂವತ್ತೇಳು ಡಿಗ್ರಿ ಬೇಸಿಗೆ.
ಅದರ ಕಾವಲಿಗೆ ನಾನು, ಹಿಲ್ಯೆ.
ಇಪ್ಪತ್ತಾರು ವರ್ಷ, ಇದೇ ನೆಲಮಾಳಿಗೆ, ರಾತ್ರಿಪಾಳಿ.

ಪಂಪು ಸಕ್ಕರೆನೀರು ಹನಿಸುತ್ತದೆ.
ಎಷ್ಟು ಹನಿಯೋ ಅಷ್ಟೇ ಸಂತತಿ.
ಮೊದಲ ವಾರ ಗಂಟೆಗೊಮ್ಮೆ ಒಂದು ಎರಡಾಯಿತು,
ಹಬ್ಬದ ಮಕ್ಕಳ ಹಾಗೆ ಕೈಗೆ ಸಿಕ್ಕಿದ್ದೆಲ್ಲ ಬಾಯಿಗೆ.

ಆಮೇಲೆ ಗುಂಡಿ ತಿರುಗಿಸಿದೆ, ಎಡಕ್ಕೆ.
ಪ್ರತಿ ಸೋಮವಾರ ಇನ್ನಷ್ಟು ಎಡಕ್ಕೆ.
ದಿನಕ್ಕೊಮ್ಮೆ ಎರಡಾದವು. ವಾರಕ್ಕೊಮ್ಮೆ.
ಈಗ ಹನಿಗೂ ಹನಿಗೂ ನಡುವೆ
ಕಾಲುಚೀಲದ ಎರಡು ಸುತ್ತು ಹೆಣೆಯಬಹುದು.

ಬೆಳವಣಿಗೆ ಅರ್ಧವಾದರೆ ಊಟವೂ ಅರ್ಧವಾಗಬೇಕಲ್ಲ?
ಆಗುವುದಿಲ್ಲ.
ಗ್ರಾಫಿನ ಗೆರೆ ಇಳಿಯುತ್ತ ಇಳಿಯುತ್ತ ಬಂದು
ತಣ್ಣೀರಿಗೆ ಕಾಲಿಡಲು ಹಿಂಜರಿದವಳ ಹಾಗೆ
ಸೊನ್ನೆಯ ಮೇಲೆ ಬೆರಳಗಲ ಬಿಟ್ಟು ನಿಲ್ಲುತ್ತದೆ.

ಆ ಬೆರಳಗಲದಲ್ಲಿ
ಸೋರುವ ಗೋಡೆಗೆ ತೇಪೆ,
ನುಸುಳಿ ಬಂದ ಉಪ್ಪನ್ನು ಆಚೆ ನೂಕುವುದು,
ಸವೆದ ಪ್ರೋಟೀನು ಬಿಚ್ಚಿ ಮತ್ತೆ ಹೆಣೆಯುವುದು.
ಯಾವ ಮರಿಗೂ ಹೋಗದ ತುತ್ತು.
ಬರೀ ಇರುವುದರ ಬಾಡಿಗೆ.

ಹೊಟ್ಟೆಗೆ ತಣ್ಣೀರುಬಟ್ಟೆ ಬಿದ್ದಷ್ಟೂ
ಮೈಯೆಲ್ಲ ಬಾಯಾಗುತ್ತದೆ ಅವಕ್ಕೆ.
ಪ್ರೋಟೀನು ಕಟ್ಟುವ ಮಗ್ಗಗಳನ್ನೇ ಕಳಚಿ ಉಂಡವು;
ಮಗ್ಗ ಕಡಿಮೆಯಾದ ಮೇಲೆ ರಂಜಕವೂ ಮೊದಲಿನಷ್ಟು ಬೇಡ.
ಮೈ ಕುಗ್ಗಿತು, ಗುಂಡಗಾಯಿತು.
ಕಬ್ಬಿಣದ ಚೂರು ಮಾತ್ರ ಇಂದಿಗೂ ಬೇಕಂತೆ.
ಯಾಕೆಂದು ನನ್ನನ್ನು ಕೇಳಬೇಡಿ, ನಾನು ಓದಿದವಳಲ್ಲ.

ಸಂಶೋಧನೆಗೆ ಬಂದ ಹುಡುಗ ಕೌಪೊ ಜಾಡಿ ಅಲುಗಿಸಿ,
"ಎರಡು ವಾರದಿಂದ ಏನೂ ಹೆಚ್ಚಿಲ್ಲ. ಸತ್ತಿವೆ. ಚೆಲ್ಲೋಣ" ಅಂದ.
ಹೊರಹೋಗುವ ನಳಿಕೆಯ ನೀರು ಅಳೆದು ತೋರಿಸಿದೆ.
ಒಳಗೆ ಹೋದ ಸಕ್ಕರೆ ಒಂದು ಕಣವೂ ಆಚೆ ಬಂದಿಲ್ಲ.
ಸತ್ತದ್ದು ಉಣ್ಣುತ್ತದೇನೋ, ತಮ್ಮಾ?
ಅವನು ಕಿವಿ ಕೆರೆದುಕೊಂಡು ಕಾಫಿಗೆ ಹೋದ.

ಕಾರ್ಲೋವಾದಲ್ಲಿ ನನ್ನದು ಹಳೆಯ ಮರದ ಮನೆ.
ಅಲ್ಲಿ ಅಡುಗೆಕೋಣೆಯ ನಲ್ಲಿ ಈಗಲೂ ತೊಟ್ಟಿಕ್ಕುತ್ತಿದೆ.
ಮರೆತದ್ದಲ್ಲ, ಬಿಟ್ಟು ಬಂದದ್ದು.
ಪೂರ್ತಿ ನಿಲ್ಲಿಸಿದರೆ ಕೊಳವೆ ಹೆಪ್ಪುಗಟ್ಟಿ ಸೀಳುತ್ತದೆ.
ಆ ನೀರು ಯಾರೂ ಕುಡಿಯುವುದಿಲ್ಲ, ಪಾತ್ರೆಗೂ ಬಳಸುವುದಿಲ್ಲ.
ತಿಂಗಳ ಕೊನೆಗೆ ಬಿಲ್ಲು ಬರುತ್ತದೆ.
ಕಟ್ಟುತ್ತೇನೆ.

ಬೆಳಗಿನ ಜಾವ ನಾಲ್ಕು. ಎಮಾಯೊಗಿ ನದಿ
ಮೇಲೆ ಕಲ್ಲು, ಅಡಿಯಲ್ಲಿ ಹರಿವು.
ಮತ್ತೊಂದು ಹನಿ ಬಿತ್ತು.
ಹಿಮ್ಮಡಿ ತಿರುವುವಾಗ ಒಂದು ಕುಣಿಕೆ ತಪ್ಪಿತು.
ಬಿಚ್ಚಿದೆ,
ಅದೇ ನೂಲಿನಲ್ಲಿ ಮತ್ತೆ ಹಾಕಿದೆ.