ಬಾಕಿ ಪುಸ್ತಕ

ವಡಾಲಾದ ಮುನಿಸಿಪಾಲಿಟಿ ಕನ್ನಡ ಶಾಲೆ, ಮೂರನೇ ಮಾಳಿಗೆ.
ಕಪಾಟು ಒಂದೇ. ಕೀಲಿ ನನ್ನ ಸೆರಗಿನ ಗಂಟಿನಲ್ಲಿ.

ಅವರು ಬಂದರು, ಪ್ರಸಾದದ ಪೊಟ್ಟಣ, ಜೊತೆಗೊಂದು ಯಾದಿ.
'ಮಕ್ಕಳ ಮನಸ್ಸು, ಟೀಚರ್, ಹಸಿ ಗೋಡೆ' ಎಂದರು.
ನಾನು ಲಾಡು ತಿಂದೆ.
ಹನ್ನೊಂದು ಪುಸ್ತಕ ಗೋಣಿಗೆ ಹೋದವು.
ದೇವರು ಯಾಕೆ ಮಾತಾಡಲ್ಲ ಎಂದು ಹುಡುಗಿಯೊಬ್ಬಳು
ಕೇಳುವ ಕತೆ ಮಾತ್ರ ಸಿಗಲಿಲ್ಲ.

ರಿಜಿಸ್ಟರ್ ತೆರೆದೆ:
ಸಾಬವ್ವ ಮಾದರ, ಆರನೇ ಇಯತ್ತೆ, ಅಂಟಾಪ್ ಹಿಲ್.
ಒಯ್ದು ನಾಲ್ಕು ತಿಂಗಳು.
ಎರಡು ಸಲ ಬೈದಿದ್ದೆ, ದಂಡವನ್ನೂ ಹಾಕಿದ್ದೆ.

ಹೆಸರಿನ ಮುಂದೆ ಬರೆದೆ: ಕಳೆದಿದೆ.

ಮರುದಿನ ಬಂದಳು, ಚೀಲ ಉಬ್ಬಿತ್ತು.
'ತಂದೀನ್ರಿ, ಟೀಚರ್.'

'ಏನೂ ತಂದಿಲ್ಲ ನೀನು' ಎಂದೆ,
ಕಿಟಕಿ ಕಡೆ ನೋಡುತ್ತ. 'ಹೋಗು.'

ಹೋಗಲಿಲ್ಲ.
'ಎರಡನೇ ಭಾಗ ಐತೇನ್ರಿ?'